89 ಮತಗಳ ಅಂತರದಲ್ಲಿ ಹಣದ ಪಾಲೆಷ್ಟು?
(ಕುಂಬಳೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ನಡೆದಾಗ ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಮತದಾರರು ಮತಗಟ್ಟೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ಸ್ವತಂತ್ರ ಅಭ್ಯರ್ಥಿ ಎಂ. ಉಮೇಶ ರಾವ್ ಅವರು ಅವಿರೋಧವಾಗಿ ಆಯ್ಕೆಯಾದರು. ಅದೇ ಕ್ಷೇತ್ರದಲ್ಲಿ 2016ರಲ್ಲಿ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ಮತಗಳಿಂದ. ಚಲಾವಣೆಯಾದ ಮತಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಅಂದರೆ ಪ್ರತಿ ಹತ್ತು ಸಾವಿರ ಮತಗಳಲ್ಲಿ ಆರಕ್ಕಿಂತಲೂ ಕಡಿಮೆ ಅಂತರ. ಇನ್ನೂರರ ಆಸುಪಾಸಿನ ಮತಗಟ್ಟೆಗಳಿಗೆ ಹಂಚಿದರೆ ಎರಡು ಮತಗಟ್ಟೆಗಳಿಗೆ ಒಂದು ಮತವೂ ಬಾರದು. ಐದು ವರ್ಷಗಳ ಬಳಿಕ, 2021ರಲ್ಲಿ, ಅಂತರ 745ಕ್ಕೆ ಏರಿತು, ಎ. ಕೆ. ಎಂ. ಅಶ್ರಫ್ ಗೆದ್ದರು, ಸೋತವರು ಮತ್ತೆ ಸುರೇಂದ್ರನ್ ಅವರೇ.

ಇಷ್ಟು ಸಣ್ಣ ಅಂತರದ ಫಲಿತಾಂಶ ಹೊರಬಿದ್ದಾಗಲೆಲ್ಲ ಸೋತ ಕಡೆಯಿಂದ ಒಂದು ಮಾತು ಕೇಳಿಬರುತ್ತದೆ: ಅವರು ಕಡೆಯ ಎರಡು ದಿನ ಹಣ ಸುರಿದರು, ಇಲ್ಲವಾದರೆ ನಾವೇ ಗೆಲ್ಲುತ್ತಿದ್ದೆವು. ಈ ಮಾತನ್ನು ಸುಳ್ಳೆಂದು ತಳ್ಳಿಹಾಕಲು ಸಾಧ್ಯವಿಲ್ಲ, ನಿಜವೆಂದು ಒಪ್ಪಲೂ ಸಾಧ್ಯವಿಲ್ಲ. 89 ಮತಗಳ ಅಂತರದಲ್ಲಿ ಫಲಿತಾಂಶವನ್ನು ಬದಲಿಸಬಲ್ಲ ಸಂಗತಿಗಳು ನೂರಾರು ಇರುತ್ತವೆ, ಹಣ ಅವುಗಳಲ್ಲಿ ಒಂದು ಮಾತ್ರ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, 2016ರ ಫಲಿತಾಂಶವನ್ನು ಪ್ರಶ್ನಿಸಿ ಕೇರಳ ಹೈಕೋರ್ಟಿನಲ್ಲಿ ಸಲ್ಲಿಕೆಯಾದ ಅರ್ಜಿಯ ತಿರುಳು ಹಣವಾಗಿರಲಿಲ್ಲ. ವಿದೇಶದಲ್ಲಿದ್ದವರ ಮತ್ತು ಮೃತಪಟ್ಟವರ ಹೆಸರಿನಲ್ಲಿ ಮತ ಚಲಾವಣೆಯಾಗಿದೆ ಎಂಬುದು ಆರೋಪವಾಗಿತ್ತು. 2018ರಲ್ಲಿ ರಝಾಕ್ ಅವರು ನಿಧನರಾದರು, ಮರುವರ್ಷ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು, ಆರೋಪ ಸಾಬೀತಾಗಲಿಲ್ಲ. ಆದರೆ ವಿವಾದ ಎಲ್ಲಿ ಹುಟ್ಟಿತೋ ಆ ಜಾಗವೇ ನನ್ನ ಇಂದಿನ ವಿಷಯಕ್ಕೆ, ಅಂದರೆ ಸ್ಥಳೀಯ ಪ್ರಚಾರದ ಖರ್ಚು ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ, ದಾರಿ ತೋರಿಸುತ್ತದೆ. ಬಿಗಿ ಸ್ಪರ್ಧೆಯಲ್ಲಿ ಯಾರ ಮನಸ್ಸು ಬದಲಾಯಿತು ಎಂಬುದಕ್ಕಿಂತ ಯಾರು ಮತಗಟ್ಟೆಯವರೆಗೆ ಬಂದರು ಎಂಬುದೇ ಹೆಚ್ಚು ಮುಖ್ಯವಾಗುತ್ತದೆ. ಆ ವರ್ಷ ಮಂಜೇಶ್ವರದಲ್ಲಿ ಮತದಾರರ ಪಟ್ಟಿಯಲ್ಲಿದ್ದೂ ಮತ ಹಾಕದವರು ಐವತ್ತು ಸಾವಿರದ ಆಸುಪಾಸಿನಲ್ಲಿದ್ದರು.

ಸ್ಥಳೀಯ ಪ್ರಚಾರದ ಖರ್ಚು ಎಂದಾಗ ನನ್ನ ಮನಸ್ಸಿನಲ್ಲಿರುವುದು ದಿಲ್ಲಿಯಲ್ಲೋ ತಿರುವನಂತಪುರದಲ್ಲೋ ತೀರ್ಮಾನವಾಗುವ ಟಿವಿ ಜಾಹೀರಾತು, ಹೆಲಿಕಾಪ್ಟರ್‌ಗಳಲ್ಲ. ಕ್ಷೇತ್ರದೊಳಗೆ, ವಾರ್ಡಿನೊಳಗೆ ಆಗುವ ಖರ್ಚು: ನೋಟೀಸು, ಗೋಡೆಬರಹ, ಬಟ್ಟೆಯ ಬ್ಯಾನರು, ಮೈಕ್ ಕಟ್ಟಿದ ಆಟೋ ಮತ್ತು ಜೀಪು, ಕುಟುಂಬ ಸಂಗಮಗಳ ಚಹಾ ತಿಂಡಿ, ಬೂತ್ ಕಮಿಟಿಯ ಕಚೇರಿಗೆ ಬಾಡಿಗೆ, ಮನೆಮನೆಗೆ ಹೋಗುವ ಸ್ಕ್ವಾಡಿನವರ ಊಟ, ಪೆಟ್ರೋಲು, ಕೊನೆಗೆ ಮತದಾನದ ದಿನ ಏಜೆಂಟರ ಖರ್ಚು. ನಮ್ಮ ಜಿಲ್ಲೆಯ ಉತ್ತರ ಭಾಗದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಮತ ಕೇಳುವ ಅಭ್ಯರ್ಥಿ ನೋಟೀಸನ್ನು ಕನ್ನಡದಲ್ಲೂ ಮಲಯಾಳದಲ್ಲೂ ಮುದ್ರಿಸಬೇಕು, ಮೈಕಿನಲ್ಲಿ ಇವೆರಡರ ಜೊತೆಗೆ ತುಳುವೂ ಕೇಳಿಸಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬ ಕಾರಣಕ್ಕೆ ಸರಕಾರ ತನ್ನ ಮತಪತ್ರದಲ್ಲಿ ಕನ್ನಡವನ್ನೂ ಸೇರಿಸುತ್ತದೆ, ಅದರ ಖರ್ಚು ಖಜಾನೆಯದು. ಅಭ್ಯರ್ಥಿಯ ಎರಡನೆಯ ಭಾಷೆಯ ಖರ್ಚು ಮಾತ್ರ ಅವನದೇ, ಖರ್ಚಿನ ಮಿತಿಯಲ್ಲಿ ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಮಿತಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಜನವರಿಯಿಂದ ಕೇರಳದಂತಹ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ಮಿತಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಯದು 40 ಲಕ್ಷ. ಸ್ಥಳೀಯಾಡಳಿತ ಸಂಸ್ಥೆಗಳಿಗೆ ಕೇರಳ ರಾಜ್ಯ ಚುನಾವಣಾ ಆಯೋಗ 2020ರ ಚುನಾವಣೆಗೆ ಗೊತ್ತುಪಡಿಸಿದ ಮಿತಿ ಗ್ರಾಮ ಪಂಚಾಯತಿಗೆ 25,000, ಬ್ಲಾಕ್ ಪಂಚಾಯತಿಗೂ ನಗರಸಭೆಗೂ 75,000, ಜಿಲ್ಲಾ ಪಂಚಾಯತಿಗೆ ಒಂದೂವರೆ ಲಕ್ಷ. ಈ ಅಂಕಿಗಳನ್ನು ಮತದಾರರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಸಾವಿರದ ಇನ್ನೂರೈವತ್ತು ಮತದಾರರಿರುವ ಒಂದು ಪಂಚಾಯತು ವಾರ್ಡಿನಲ್ಲಿ ತಲೆಗೆ 20 ರೂಪಾಯಿ. ಸುಮಾರು 2.2 ಲಕ್ಷ ಮತದಾರರ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ತಲೆಗೆ 18 ರೂಪಾಯಿ. ಸುಮಾರು 14.5 ಲಕ್ಷ ಮತದಾರರ ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಆರೂವರೆ ರೂಪಾಯಿ. ಕಾನೂನಿನ ಕಣ್ಣಿನಲ್ಲಿ ಒಬ್ಬ ಮತದಾರನನ್ನು ತಲುಪಲು ಪಂಚಾಯತು ಸದಸ್ಯನಾಗುವವನಿಗೆ ಸಂಸದನಾಗುವವನಿಗಿಂತ ಮೂರು ಪಟ್ಟು ಹೆಚ್ಚು ಅವಕಾಶವಿದೆ. ಪತ್ರಿಕೆಗಳಲ್ಲಿ ಚರ್ಚೆಯಾಗುವುದು 95 ಲಕ್ಷ ಎಂಬ ದೊಡ್ಡ ಅಂಕಿ. ಮತದಾರನ ಅಂಗಳಕ್ಕೆ ಅತಿ ಹೆಚ್ಚು ಹಣ ಬರಬಹುದಾದ ಜಾಗ ವಾರ್ಡು.

ಇನ್ನು ಈ ಮಿತಿಯೊಳಗೆ ಬರುವುದೇನು, ಹೊರಗುಳಿಯುವುದೇನು ಎಂಬುದು ಐವತ್ತು ವರ್ಷಗಳ ಹಗ್ಗಜಗ್ಗಾಟ. 1951ರ ಜನಪ್ರಾತಿನಿಧ್ಯ ಕಾಯಿದೆಯ 77ನೇ ಕಲಮಿನ ಪ್ರಕಾರ ಅಭ್ಯರ್ಥಿ ನಾಮಪತ್ರ ಸಲ್ಲಿಸಿದಂದಿನಿಂದ ಫಲಿತಾಂಶ ಘೋಷಣೆಯವರೆಗೆ ತಾನೋ ತನ್ನ ಚುನಾವಣಾ ಏಜೆಂಟನೋ ಮಾಡಿದ ಅಥವಾ ಒಪ್ಪಿಗೆ ಕೊಟ್ಟ ಖರ್ಚಿಗೆ ಪ್ರತ್ಯೇಕ ಲೆಕ್ಕ ಇಡಬೇಕು. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಮತ್ತು ಅಮರ್‌ನಾಥ್ ಚಾವ್ಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗೆ ತಿಳಿದೇ ಪಕ್ಷ ಅವನಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕು ಎಂದು ತೀರ್ಪಿತ್ತಿತು. ಅದೇ ತಿಂಗಳೊಳಗೆ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಕಾಯಿದೆಗೆ ತಿದ್ದುಪಡಿ ತಂದು, ಪಕ್ಷ ಮತ್ತು ಮಿತ್ರರು ಮಾಡಿದ ಖರ್ಚನ್ನು ಮಿತಿಯಿಂದ ಹೊರಗಿಟ್ಟಿತು. ಸುಮಾರು ಮೂರು ದಶಕಗಳ ಕಾಲ ಹೀಗೆ ಹೊಸ್ತಿಲಲ್ಲಿ ಕಾವಲಿದ್ದು ಹಿಂಬಾಗಿಲು ತೆರೆದೇ ಇತ್ತು. 2003ರ ತಿದ್ದುಪಡಿ ಆ ಬಾಗಿಲನ್ನು ಮುಕ್ಕಾಲು ಪಾಲು ಮುಚ್ಚಿತು. ಪಕ್ಷದ ನಾಯಕರ ಪ್ರಯಾಣದ ಖರ್ಚು ಮಾತ್ರ ಈಗ ಹೊರಗುಳಿಯುತ್ತದೆ. ತಾರಾ ಪ್ರಚಾರಕರ ವೇದಿಕೆಯಲ್ಲಿ ಅಭ್ಯರ್ಥಿ ಕುಳಿತರೆ, ಅವನ ಹೆಸರೋ ಭಾವಚಿತ್ರವೋ ಅಲ್ಲಿ ಕಾಣಿಸಿಕೊಂಡರೆ, ಆ ಸಭೆಯ ಖರ್ಚಿನ ಪಾಲು ಅವನ ಲೆಕ್ಕಕ್ಕೆ ಬೀಳುತ್ತದೆ. ಆದರೂ ರಾಜಕೀಯ ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಸಾಮಾನ್ಯ ಪ್ರಚಾರಕ್ಕೆ ಇಂದಿಗೂ ಮಿತಿಯೆಂಬುದಿಲ್ಲ.

ಹೀಗಿರುವಾಗ ಅಭ್ಯರ್ಥಿಗಳು ಸಲ್ಲಿಸಿದ ಲೆಕ್ಕವನ್ನೂ ಫಲಿತಾಂಶವನ್ನೂ ಪಕ್ಕಪಕ್ಕದಲ್ಲಿಟ್ಟು ಹಣದ ಬಲ ಅಳೆಯಲು ಹೊರಟರೆ ಏನಾದೀತು? 2014ರ ಲೋಕಸಭೆಗೆ ಗೆದ್ದವರು ಸಲ್ಲಿಸಿದ ಲೆಕ್ಕಗಳನ್ನು ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ ಪರಿಶೀಲಿಸಿದಾಗ, 70 ಲಕ್ಷದ ಮಿತಿಯಲ್ಲಿ ಸರಾಸರಿ ಖರ್ಚು 40 ಲಕ್ಷದ ಆಸುಪಾಸಿನಲ್ಲಿತ್ತು. ಮಿತಿ ಸಾಲದು, ಹೆಚ್ಚಿಸಿ ಎಂದು ಪಕ್ಷಗಳು ಕೇಳುತ್ತಲೇ ಇರುತ್ತವೆ. ಕಾಗದದಲ್ಲಿ ಮಾತ್ರ ಮಿತಿಯ ಅರ್ಧಕ್ಕಿಂತ ತುಸು ಹೆಚ್ಚು ಖರ್ಚಾಗಿರುತ್ತದೆ. ಮತ್ತೊಂದೆಡೆ 2019ರ ಲೋಕಸಭಾ ಚುನಾವಣೆಯ ಒಟ್ಟು ಖರ್ಚನ್ನು ದಿಲ್ಲಿಯ ಸಿಎಂಎಸ್ ಎಂಬ ಸಂಶೋಧನಾ ಸಂಸ್ಥೆ 55,000ದಿಂದ 60,000 ಕೋಟಿ ರೂಪಾಯಿ ಎಂದು ಅಂದಾಜಿಸಿತು; ಎಲ್ಲ ಪಕ್ಷಗಳ, ಅಭ್ಯರ್ಥಿಗಳ, ಸರಕಾರದ ಖರ್ಚನ್ನೂ ಸೇರಿಸಿದರೆ ಕ್ಷೇತ್ರಕ್ಕೆ ಸರಾಸರಿ ನೂರು ಕೋಟಿ. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ನಿಂತು ಯಾರಾದರೂ ಇಷ್ಟು ಹಣಕ್ಕೆ ಇಷ್ಟು ಮತ ಎಂದು ಲೆಕ್ಕ ಒಪ್ಪಿಸಿದರೆ ನಾನಂತೂ ನಂಬುವುದಿಲ್ಲ.

ಲೆಕ್ಕಪತ್ರ ಪ್ರಾಮಾಣಿಕವಾಗಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಹಣ ಗೆಲುವನ್ನು ತರುತ್ತದೆಯೋ ಅಥವಾ ಗೆಲ್ಲುವ ಲಕ್ಷಣವಿರುವವನ ಕಡೆಗೆ ಹಣ ಹರಿಯುತ್ತದೆಯೋ? ಗುತ್ತಿಗೆದಾರನಿಗೂ ವ್ಯಾಪಾರಿಗೂ ಸೋಲುವವನಿಗೆ ದೇಣಿಗೆ ಕೊಟ್ಟು ಆಗಬೇಕಾದ್ದೇನೂ ಇಲ್ಲ. ಪಕ್ಷವೂ ಕೈಬಿಟ್ಟುಹೋದ ವಾರ್ಡಿಗೆ ನೋಟೀಸಿನ ಕಟ್ಟು ಕಳುಹಿಸಿ ಸುಮ್ಮನಾಗುತ್ತದೆ, ಕೈಗೆ ಸಿಗಬಹುದಾದ ವಾರ್ಡಿಗೆ ಜನರನ್ನೂ ವಾಹನವನ್ನೂ ಕಳುಹಿಸುತ್ತದೆ. ಆದ್ದರಿಂದ ಗೆದ್ದವರು ಹೆಚ್ಚು ಖರ್ಚು ಮಾಡಿದ್ದರು ಎಂಬ ಒಂದೇ ಸಂಗತಿಯಿಂದ ಏನೂ ಸಿದ್ಧವಾಗುವುದಿಲ್ಲ.

ಅಮೆರಿಕದ ವಿದ್ವಾಂಸರು ಈ ತೊಡಕಿನೊಂದಿಗೆ ಬಹಳ ಗುದ್ದಾಡಿದ್ದಾರೆ. ಅಭ್ಯರ್ಥಿಗಳ ಖರ್ಚಿನ ವಿವರ ಅಲ್ಲಿ ವ್ಯವಸ್ಥಿತವಾಗಿ ಸಿಗುವುದೇ ಅದಕ್ಕೆ ಕಾರಣ. 1970ರ ದಶಕದ ಕೊನೆಯಲ್ಲಿ ಗ್ಯಾರಿ ಜೇಕಬ್‌ಸನ್ ಅವರು ಸಂಸತ್ ಚುನಾವಣೆಗಳನ್ನು ಅಭ್ಯಸಿಸಿ, ಹಾಲಿ ಸದಸ್ಯ ಎಷ್ಟು ಖರ್ಚು ಮಾಡುತ್ತಾನೆ ಎಂಬುದಕ್ಕಿಂತ ಅವನಿಗೆ ಸವಾಲೊಡ್ಡುವ ಹೊಸಬ ಎಷ್ಟು ಖರ್ಚು ಮಾಡುತ್ತಾನೆ ಎಂಬುದು ಫಲಿತಾಂಶದ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂದು ತೋರಿಸಿದರು. ಹಾಲಿ ಸದಸ್ಯನ ಹೆಸರು ಆಗಲೇ ಮನೆಮನೆಗೂ ಗೊತ್ತು. ಅವನು ಮತ್ತೆ ಪೋಸ್ಟರ್ ಹಚ್ಚುವುದು ಆಟಿ ತಿಂಗಳ ಮಳೆಯಲ್ಲಿ ಕಂಗಿನ ತೋಟಕ್ಕೆ ಪಂಪು ಬಿಟ್ಟಂತೆ. 1994ರಲ್ಲಿ ಸ್ಟೀವನ್ ಲೆವಿಟ್ ಒಂದು ಜಾಣ ಉಪಾಯ ಹೂಡಿದರು. ಅದೇ ಇಬ್ಬರು ಅಭ್ಯರ್ಥಿಗಳು ಒಂದಕ್ಕಿಂತ ಹೆಚ್ಚು ಸಲ ಮುಖಾಮುಖಿಯಾದ ಕ್ಷೇತ್ರಗಳನ್ನು ಮಾತ್ರ ಆಯ್ದುಕೊಂಡರು. ಆಗ ಅಭ್ಯರ್ಥಿಯ ವ್ಯಕ್ತಿತ್ವ, ಜನಪ್ರಿಯತೆ ಇತ್ಯಾದಿಗಳು ಬಹುಮಟ್ಟಿಗೆ ಸ್ಥಿರವಾಗಿ ಉಳಿದು ಖರ್ಚಿನ ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳುತ್ತದೆ. ಹಾಗೆ ನೋಡಿದಾಗ ಖರ್ಚಿನ ಪರಿಣಾಮ ತೀರಾ ಅಲ್ಪ ಎಂಬುದು ಅವರ ನಿರ್ಣಯ. ಆಲನ್ ಗರ್ಬರ್ ಅವರು 1998ರಲ್ಲಿ ಸೆನೆಟ್ ಚುನಾವಣೆಗಳನ್ನು ಬೇರೆ ವಿಧಾನದಿಂದ ಪರಿಶೀಲಿಸಿ, ಹಾಲಿ ಸದಸ್ಯರ ಖರ್ಚಿಗೂ ಫಲವಿದೆ ಎಂದರು. ಹೀಗೆ ವಾದ ಮುಗಿದಿಲ್ಲ. ಆದರೆ ಹಣ ಸುರಿದಷ್ಟೂ ಮತ ಬರುತ್ತದೆ ಎಂಬ ನಮ್ಮ ಪೇಟೆ ಮಾತಿಗೆ ಇವರ್ಯಾರಿಂದಲೂ ಬೆಂಬಲ ಸಿಗುವುದಿಲ್ಲ.

ಇದಕ್ಕಿಂತ ನಮಗೆ ಹತ್ತಿರವಾದದ್ದು ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸೇರಿ 1998ರಲ್ಲಿ ನ್ಯೂ ಹೇವನ್ ಎಂಬ ಪಟ್ಟಣದಲ್ಲಿ ನಡೆಸಿದ ಪ್ರಯೋಗ. ಸುಮಾರು ಮೂವತ್ತು ಸಾವಿರ ಮತದಾರರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರ ಮನೆಗೆ ಖುದ್ದಾಗಿ ಹೋಗಿ ಮತದಾನಕ್ಕೆ ಬನ್ನಿ ಎಂದರು, ಕೆಲವರಿಗೆ ಅಂಚೆಯಲ್ಲಿ ಕಾಗದ ಕಳುಹಿಸಿದರು, ಕೆಲವರಿಗೆ ಫೋನ್ ಮಾಡಿಸಿದರು, ಕೆಲವರನ್ನು ಹಾಗೆಯೇ ಬಿಟ್ಟರು. ಮನೆಗೆ ಹೋಗಿ ಮಾತನಾಡಿಸಿದವರಲ್ಲಿ ಮತದಾನ ಗಣನೀಯವಾಗಿ ಹೆಚ್ಚಿತು, ಕಾಗದದಿಂದ ತೀರಾ ಸ್ವಲ್ಪ, ಕೂಲಿ ಕೊಟ್ಟು ಮಾಡಿಸಿದ ಫೋನಿನಿಂದ ಏನೂ ಆಗಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಇಂತಹ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ, ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಚಾರದ ಸಂಪರ್ಕದಿಂದ ಮತದಾರ ಪಕ್ಷ ಬದಲಿಸುವ ಪ್ರಮಾಣ ಸರಾಸರಿಯಲ್ಲಿ ಸೊನ್ನೆ ಎಂಬ ಅಂದಾಜಿಗೆ ಬಂದರು. ಮನಸ್ಸು ಬದಲಾಯಿಸುವ ಖರ್ಚು ವ್ಯರ್ಥ, ಮತಗಟ್ಟೆಗೆ ಕರೆತರುವ ಖರ್ಚು ಸಾರ್ಥಕ ಎಂಬುದು ಇವೆರಡರಿಂದ ಹೊರಡುವ ಸ್ಥೂಲ ಅರ್ಥ. ಎರಡು ಪಕ್ಷಗಳ ಅಮೆರಿಕದಲ್ಲಿ ಕಂಡದ್ದನ್ನು ಮೂರು ರಂಗಗಳ ಕಾಸರಗೋಡಿಗೆ ಹಾಗೆಯೇ ಹೊಂದಿಸಲಾಗದು, ನಿಜ. ಆದರೆ ಕೊನೆಯ ವಾರ ಕುಂಬಳೆ ಪೇಟೆಯಲ್ಲಿ ಮೂರು ಕಡೆಯವರ ಮೈಕುಗಳು ಒಂದರ ಮೇಲೊಂದು ಕೂಗುವಾಗ ಅದನ್ನು ಕೇಳಿ ಪಕ್ಷ ಬದಲಿಸಿದವರನ್ನು ಯಾರು ಕಂಡಿದ್ದಾರೆ? ಆ ಮೈಕು ಎದುರಾಳಿಗಾಗಿ ಅಲ್ಲ, ನಮ್ಮವರಿಗೆ ಧೈರ್ಯ ತುಂಬಲು ಎಂದು ಹಳೆಯ ಕಾರ್ಯಕರ್ತರೇ ಒಪ್ಪಿಕೊಳ್ಳುತ್ತಾರೆ.

ಮತಗಟ್ಟೆಗೆ ಕರೆತರುವುದು ನಮ್ಮಲ್ಲಿ ಎಷ್ಟು ದುಬಾರಿ ಎಂಬುದನ್ನು ಈ ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ದುಡಿಯುವವರು, ಬೆಂಗಳೂರಿನಲ್ಲಿ ಓದುವವರು, ಗಲ್ಫಿನಲ್ಲಿರುವವರು, ಇವರೆಲ್ಲರ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರುತ್ತದೆ. ಅನಿವಾಸಿ ಭಾರತೀಯರು ಮತ ಹಾಕಬೇಕಾದರೆ ಖುದ್ದಾಗಿ ಮತಗಟ್ಟೆಗೆ ಬರಲೇಬೇಕು. ಮತದಾರರನ್ನು ಕರೆತರಲು ಅಭ್ಯರ್ಥಿ ಬಾಡಿಗೆಗೆ ವಾಹನ ಹಿಡಿದರೆ ಜನಪ್ರಾತಿನಿಧ್ಯ ಕಾಯಿದೆಯ 123ನೇ ಕಲಮಿನ ಪ್ರಕಾರ ಅದು ಭ್ರಷ್ಟ ಆಚರಣೆ, ಆಯ್ಕೆಯೇ ರದ್ದಾಗಬಹುದು. ಆದ್ದರಿಂದ ಈ ಕೆಲಸ ಲೆಕ್ಕದ ಪುಸ್ತಕಕ್ಕೆ ಬಾರದ ದಾರಿಗಳಲ್ಲಿ ನಡೆಯುತ್ತದೆ: ನೆರೆಯವನ ಕಾರು, ಅಳಿಯನ ಬೈಕು, ಊರ ಸಂಘದವರ ಉತ್ಸಾಹ. ಇಲ್ಲಿ ಗೆಲ್ಲುವುದು ಹಣಕ್ಕಿಂತ ಹೆಚ್ಚಾಗಿ ಸಂಘಟನೆ. ಆದರೆ ಸಂಘಟನೆ ಎಂಬುದು ಹಿಂದಿನ ಹತ್ತಾರು ವರ್ಷಗಳ ಖರ್ಚು ಘನವಾಗಿ ನಿಂತ ರೂಪ ಎಂಬುದನ್ನು ಮರೆಯಬಾರದು. ಕಾರ್ಯಕರ್ತನ ಸಮಯಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾಲಮೇ ಇಲ್ಲ.

ಈ ದೃಷ್ಟಿಯಿಂದ ನೋಡಿದಾಗ ಖರ್ಚಿನ ಮಿತಿಯ ನಿಜವಾದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತು ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಕೇರಳದಲ್ಲಿ ಹಾಗಲ್ಲ, ತಲಪಾಡಿ ದಾಟಿ ಈಚೆ ಬಂದರೆ ವಾರ್ಡಿನ ಮಟ್ಟದಲ್ಲೇ ಕಾಂಗ್ರೆಸ್ ನೇತೃತ್ವದ ಐಕ್ಯರಂಗ, ಸಿಪಿಎಂ ನೇತೃತ್ವದ ಎಡರಂಗ, ಬಿಜೆಪಿ ನೇತೃತ್ವದ ಎನ್‌ಡಿಎಗಳ ನೇರ ಸ್ಪರ್ಧೆ. ಪಕ್ಷದ ಅಭ್ಯರ್ಥಿಗೆ ಚಿಹ್ನೆ ಪರಿಚಿತ, ಬೂತ್ ಕಮಿಟಿ ಸಿದ್ಧ, ಮತದಾರರ ಪಟ್ಟಿಯಲ್ಲಿ ಯಾರು ಯಾವ ಕಡೆ ಎಂದು ಗುರುತು ಹಾಕಿಕೊಂಡ ಹಳೆಯ ಪುಸ್ತಕ ಕೈಯಲ್ಲಿ. ಅವನ 25,000 ರೂಪಾಯಿ ಈ ಎಲ್ಲದರ ಮೇಲೆ ಹೆಚ್ಚುವರಿ. ಸ್ವತಂತ್ರ ಅಭ್ಯರ್ಥಿಗೋ, ತನಗೆ ಸಿಕ್ಕಿದ ಚಿಹ್ನೆಯನ್ನು ಪರಿಚಯಿಸುವುದರಲ್ಲೇ ಆ ಮೊತ್ತದ ಹೆಚ್ಚಿನ ಪಾಲು ಹೋಗುತ್ತದೆ, ಅದೂ ಎರಡು ಭಾಷೆಗಳಲ್ಲಿ. 1960ರ ದಶಕದಲ್ಲಿ ಕೆ. ಮಹಾಬಲ ಭಂಡಾರಿ ಅವರು ಕರ್ನಾಟಕ ಸಮಿತಿಯ ಬೆಂಬಲದಿಂದ ಸ್ವತಂತ್ರರಾಗಿ ಮಂಜೇಶ್ವರವನ್ನು ಗೆಲ್ಲಲು ಸಾಧ್ಯವಾದದ್ದು ಹಣದಿಂದಲ್ಲ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನದ ಬೇಡಿಕೆಯೇ ಆಗ ಮನೆಮನೆಯ ಸಂಘಟನೆಯಾಗಿತ್ತು. ಅಂತಹ ಒಂದು ಅಲೆ ಇಲ್ಲದ ಕಾಲದಲ್ಲಿ ಹೊಸಬನಿಗೆ ಹಣವೇ ಪರಿಚಯಪತ್ರ. ಮಿತಿಯನ್ನು ತೀರಾ ತಗ್ಗಿಸಿದರೆ ಅವನು ಅಪರಿಚಿತನಾಗಿಯೇ ಉಳಿಯುತ್ತಾನೆ. ತೀರಾ ಏರಿಸಿದರೆ ಸ್ಪರ್ಧೆಗಿಳಿಯುವ ಯೋಚನೆಯನ್ನೇ ಬಿಡುತ್ತಾನೆ. ಬ್ರೆಜಿಲಿನಲ್ಲಿ 2016ರ ಪುರಸಭೆ ಚುನಾವಣೆಗೆ ಮಿತಿ ಹೇರಿದಾಗ, ಮಿತಿ ಬಿಗಿಯಾಗಿದ್ದ ಊರುಗಳಲ್ಲಿ ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿ, ಹಾಲಿ ಮೇಯರುಗಳ ಮರು ಆಯ್ಕೆ ಕಡಿಮೆಯಾಯಿತು ಎಂದು ಅಲ್ಲಿನ ಅಧ್ಯಯನ ಹೇಳುತ್ತದೆ. ಆದರೆ ಅಲ್ಲಿ ಮಿತಿಗೆ ಮೊದಲು ಹಾಲಿಯವರ ಖರ್ಚು ಹೊಸಬರ ಖರ್ಚಿಗಿಂತ ಬಹಳ ಹೆಚ್ಚಿತ್ತು. ನಮ್ಮ ವಾರ್ಡುಗಳಲ್ಲಿ ಹಾಲಿಯವನ ಬಲ ಖರ್ಚಿನಲ್ಲಿಲ್ಲ, ಐದು ವರ್ಷ ಸಹಿ ಹಾಕಿಕೊಟ್ಟ ಅರ್ಜಿಗಳಲ್ಲಿದೆ.

ಹಾಗಾದರೆ ಮತಕ್ಕೆ ನೋಟು ಕೊಡುವುದರ ಕತೆ ಏನು ಎಂದು ಕೇಳುತ್ತೀರಿ. ತಮಿಳುನಾಡಿನ ಗಡಿಯ ತಾಳವಾಡಿ, ಹೊಸೂರಿನ ಕನ್ನಡಿಗರಿಗೆ ಇದು ನಮಗಿಂತ ಹೆಚ್ಚು ಪರಿಚಿತ ವಿಷಯ. ಹಣ ಹಂಚಿಕೆಯ ಕಾರಣಕ್ಕೆ ಚೆನ್ನೈನ ಆರ್.ಕೆ. ನಗರ ಉಪಚುನಾವಣೆಯನ್ನು 2017ರ ಏಪ್ರಿಲಿನಲ್ಲಿ ಆಯೋಗ ರದ್ದುಪಡಿಸಿತು. ಭಾರೀ ನಗದು ವಶವಾದ ಬಳಿಕ 2019ರಲ್ಲಿ ವೆಲ್ಲೂರು ಲೋಕಸಭಾ ಕ್ಷೇತ್ರದ ಮತದಾನ ರದ್ದಾಗಿ ಆಗಸ್ಟಿಗೆ ಹೋಯಿತು. ಇಷ್ಟಾದರೂ ಹಣ ಪಡೆದವನು ಕೊಟ್ಟವನಿಗೇ ಮತ ಹಾಕುತ್ತಾನೆ ಎಂಬುದಕ್ಕೆ ಆಧಾರ ತೆಳುವಾಗಿದೆ. ಮುಂಬಯಿಯ ಚುನಾವಣೆಗಳನ್ನು ಹತ್ತಿರದಿಂದ ನೋಡಿದ ಸೈಮನ್ ಶೋಶಾರ್ ಅವರ ಅಧ್ಯಯನದ ಸಾರಾಂಶ ಇದು: ಅಭ್ಯರ್ಥಿಗಳಿಗೂ ಉಡುಗೊರೆಯಿಂದ ಮತ ಖಾತ್ರಿಯಿಲ್ಲ ಎಂದು ಗೊತ್ತಿದೆ, ಎದುರಾಳಿ ಕೊಡುತ್ತಾನೆಂಬ ಭಯದಿಂದ ಎಲ್ಲರೂ ಕೊಡುತ್ತಾರೆ. ಎಲ್ಲರೂ ಕೊಟ್ಟಾಗ ಪರಸ್ಪರ ಪರಿಣಾಮ ಅಳಿಸಿಹೋಗುತ್ತದೆ, ಕೊಡಲಾಗದವನು ಮಾತ್ರ ಹೊರಗುಳಿಯುತ್ತಾನೆ. ಹಣ ಗೆಲ್ಲುವವನನ್ನು ಆರಿಸುವುದಕ್ಕಿಂತ ಮೊದಲು ಸ್ಪರ್ಧಿಸುವವರನ್ನು ಆರಿಸಿಬಿಡುತ್ತದೆ. ನನ್ನ ಮಟ್ಟಿಗೆ ಇದೇ ಇಡೀ ವಿಷಯದ ಕೇಂದ್ರ.

ಕಾಸರಗೋಡು ಲೋಕಸಭಾ ಕ್ಷೇತ್ರದ ಮೂರು ಫಲಿತಾಂಶಗಳನ್ನೂ ಇಲ್ಲಿ ನೆನೆಯಬಹುದು. 2014ರಲ್ಲಿ ಎಡರಂಗದ ಪಿ. ಕರುಣಾಕರನ್ 6,921 ಮತಗಳಿಂದ ಗೆದ್ದರು; 2019ರಲ್ಲಿ ಕಾಂಗ್ರೆಸಿನ ರಾಜ್‌ಮೋಹನ್ ಉಣ್ಣಿತ್ತಾನ್ 40,438 ಮತಗಳಿಂದ, 2024ರಲ್ಲಿ ಮತ್ತೆ ಅವರೇ ಒಂದು ಲಕ್ಷಕ್ಕೂ ಮಿಕ್ಕಿ ಅಂತರದಿಂದ. ಮೊದಲಿನ ಎರಡು ಚುನಾವಣೆಗಳಲ್ಲಿ ಮಿತಿ ಒಂದೇ, 70 ಲಕ್ಷ. ಗೆದ್ದ ರಂಗ ಬೇರೆ. ರಾಹುಲ್ ಗಾಂಧಿ ವಯನಾಡಿನಲ್ಲಿ ನಿಂತದ್ದರ ಅಲೆ ಉತ್ತರ ಮಲಬಾರಿನವರೆಗೆ ಹರಡಿದಾಗ, ಸ್ಥಳೀಯವಾಗಿ ಯಾರು ಎಷ್ಟು ನೋಟೀಸು ಹಂಚಿದರು ಎಂಬುದು ಅಂಚಿಗೆ ಸರಿಯಿತು. ಕ್ಷೇತ್ರ ದೊಡ್ಡದಾದಷ್ಟೂ ಸ್ಥಳೀಯ ಖರ್ಚಿನ ಧ್ವನಿ ತಗ್ಗುತ್ತದೆ, ಚಿಕ್ಕದಾದಷ್ಟೂ ಏರುತ್ತದೆ. ಹತ್ತು ಮತಗಳಿಂದ ತೀರ್ಮಾನವಾಗುವ ವಾರ್ಡಿನಲ್ಲಿ ಒಂದು ಜೀಪು ಎರಡು ಸಲ ಹೆಚ್ಚು ಓಡಿದ್ದು ನಿರ್ಣಾಯಕವಾಗಬಹುದು.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು, ಇದನ್ನೆಲ್ಲ ನಾವು ಪರಿಶೀಲಿಸುವುದು ಹೇಗೆ ಎಂದು ಕೇಳಿದರು. ವಿಧಾನಸಭೆ ಮತ್ತು ಲೋಕಸಭೆಯ ಅಭ್ಯರ್ಥಿಗಳು ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಮೂರು ವರ್ಷ ಅನರ್ಹರಾಗಬಹುದು. ಆ ಲೆಕ್ಕವನ್ನು ಯಾವ ನಾಗರಿಕನೂ ಒಂದು ರೂಪಾಯಿ ಶುಲ್ಕ ಕೊಟ್ಟು ನೋಡಬಹುದು ಎಂದು 1961ರ ಚುನಾವಣಾ ನಿಯಮಗಳೇ ಹೇಳುತ್ತವೆ. ನೋಡುವಾಗ ಒಟ್ಟು ಮೊತ್ತಕ್ಕಿಂತ ದಿನವಾರು ಪಟ್ಟಿಯ ಮೇಲೆ ಕಣ್ಣಿಡಿ. ವಾಹನದ ಬಾಡಿಗೆ ಎಷ್ಟು ದಿನಗಳದ್ದು, ಮೈಕಿನ ಅನುಮತಿ ಪಡೆದ ವಾಹನಗಳ ಸಂಖ್ಯೆಗೂ ಅದಕ್ಕೂ ತಾಳೆಯಿದೆಯೇ, ಮುದ್ರಣದ ಬಿಲ್ಲಿನಲ್ಲಿ ಕನ್ನಡದ ನೋಟೀಸುಗಳಿವೆಯೇ, ಕುರ್ಚಿ ಶಾಮಿಯಾನಗಳಿಗೆ ಜಿಲ್ಲಾಡಳಿತ ಪಕ್ಷಗಳೊಂದಿಗೆ ಚರ್ಚಿಸಿ ನಿಗದಿಪಡಿಸಿದ ದರವನ್ನೇ ಹಾಕಿದ್ದಾರೆಯೇ ಎಂದು ನೋಡಿ. ವೆಚ್ಚ ವೀಕ್ಷಕರ ತಂಡ ಸಭೆಗಳ ವಿಡಿಯೊ ನೋಡಿ ತನ್ನದೇ ಆದ ನೆರಳು ದಾಖಲೆಯೊಂದನ್ನು ಇಟ್ಟಿರುತ್ತದೆ. ಅದಕ್ಕೂ ಅಭ್ಯರ್ಥಿಯ ಪುಸ್ತಕಕ್ಕೂ ಹೊಂದಿಕೆಯಾಗದಿದ್ದಲ್ಲಿ ಕೊಟ್ಟ ನೋಟೀಸು, ಅದಕ್ಕೆ ಅಭ್ಯರ್ಥಿ ಬರೆದ ಉತ್ತರ, ಇವೆರಡೂ ಅದೇ ಕಡತಕ್ಕೆ ಸೇರುತ್ತವೆ. ಓದಲು ಶುರು ಮಾಡುವುದಿದ್ದರೆ ಅಲ್ಲಿಂದಲೇ ಮಾಡಿ ಎಂದು ಅವರಿಗೆ ಹೇಳಿದೆ.